ಎರಡು ಚೀಲ ಜೇಬು ಹೊತ್ತು ಫಿನ್‌ಲ್ಯಾಂಡಿಗೆ

ಕುರುಗೋಡು

ಫಿನ್‌ಲ್ಯಾಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯವರು ಮೊದಲು ಕೇಳಿದ್ದು ಅಲ್ಲಿ ಅನ್ನ ಸಿಗುತ್ತದೆಯೇ ಎಂದು. ಸಿಗುತ್ತದೆ. ಆಮೇಲೆ ಚಳಿ ಇತ್ತೇ ಎಂದರು. ಇತ್ತು. ಇನ್ನು ಈ ಎರಡನ್ನು ಯಾರೂ ಕೇಳಬೇಡಿ. ನಾನು ಹೇಳಬೇಕೆಂದಿರುವುದು ಕಾಲೇಜಿನ ಹುಡುಗರು ಮಾಡುವ ಒಂದು ನಗೆ ಪುಸ್ತಕದ ಸುದ್ದಿ. ಅದಕ್ಕಾಗಿ ನಾನು ಎರಡು ಚೀಲದ ತುಂಬ ಜೀನ್ಸ್ ಪ್ಯಾಂಟಿನ ಜೇಬು ಹೊತ್ತು ಹೋದ ಸುದ್ದಿ. ಪ್ಯಾಂಟು ಇಲ್ಲ, ಬರೀ ಜೇಬು.

ನಾನು ಅಕ್ಷರ ಕೂಡಿಸಿ ಓದುವವಳು, ಕೂಡಿಸಿ ಬರೆಯುವವಳು. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಹಿಂಜೇಬಿನ ಕೆಲಸ ಮಾಡುತ್ತಲೇ ಮುದುಕಿಯಾದೆ. ಈಗ ಕುರುಗೋಡಿನ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಅದನ್ನೇ ಮಾಡುತ್ತೇನೆ. ಮೇಲಂಚು ಮಡಚಿ ಹೊಲಿಯಬೇಕು, ಮುಂದೆ ಹಳದಿ ದಾರದಲ್ಲಿ ಡಿಸೈನ್ ಹಾಕಬೇಕು, ಉಳಿದ ಮೂರು ಅಂಚನ್ನು ಇಸ್ತ್ರಿಯಿಂದ ಒಳಕ್ಕೆ ಮಡಚಬೇಕು. ಅಲ್ಲಿಗೆ ಜೇಬು ತಯಾರು. ಕಟ್ಟು ಕಟ್ಟಿ ಯೂನಿಟ್ಟಿಗೆ ಕಳಿಸಿದರೆ ನಮ್ಮ ಕೆಲಸ ಮುಗಿಯಿತು.

ಸುಮಾ ನನ್ನ ಮಗಳ ಮಗಳು, ಸಿರುಗುಪ್ಪದವಳು. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಮರದಿಂದ ಬಟ್ಟೆ ಮಾಡುವುದನ್ನು ಕಲಿಯಲು ಫಿನ್‌ಲ್ಯಾಂಡಿಗೆ ಹೋದಳು. ಹತ್ತಿ ಬೆಳೆಯುವ ಸೀಮೆಯವಳಿಗೆ ಮರದ ಬಟ್ಟೆ ಯಾಕೆ ಎಂದು ಕೇಳಿದ್ದೆ. ಅವಳು ಉದ್ದಕ್ಕೆ ಉತ್ತರ ಕೊಟ್ಟಳು. ತಿಳಿಯಲಿಲ್ಲ, ಬಿಟ್ಟೆ.

ಈ ಹುಡುಗಿಯ ಬಾಯಿ ಸುಮ್ಮನಿರುವುದಲ್ಲ. ಬಳ್ಳಾರಿಯ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಫಿಶ್‌ಪಾಂಡ್ ಎಂದು ಮಾಡುತ್ತಿದ್ದರು. ಒಬ್ಬರ ಮೇಲೊಬ್ಬರು ಚೀಟಿಯಲ್ಲಿ ಲೇವಡಿ ಬರೆದು ಡಬ್ಬಿಗೆ ಹಾಕುವುದು, ಅದನ್ನು ಸ್ಟೇಜಿನ ಮೇಲೆ ಓದುವುದು. ಹೆಸರು ಹಾಕುವ ಹಾಗಿಲ್ಲ. ಪ್ರಿನ್ಸಿಪಾಲರ ಭಾಷಣ ಶುರುವಾದಾಗ ಫಸ್ಟ್ ಇಯರಿನಲ್ಲಿದ್ದವರು ಅದು ಮುಗಿಯುವಾಗ ಪಾಸಾಗಿ ಹೋಗಿದ್ದರು ಎಂದು ಸುಮಾ ಬರೆದಿದ್ದಳು. ಕೈಬರಹ ಸಿಕ್ಕಿಬಿತ್ತು. ಪಾಲಕರನ್ನು ಕರೆಸಿದರು, ನಾನು ಹೋದೆ. ಪ್ರಿನ್ಸಿಪಾಲರು ನನ್ನ ಮುಂದೆಯೂ ಮಾತು ಶುರು ಮಾಡಿದರು. ಕೇಳುತ್ತಾ ಕೇಳುತ್ತಾ, ಹುಡುಗಿ ಸುಳ್ಳೇನೂ ಬರೆದಿಲ್ಲ ಎಂದು ನನಗೆ ಗೊತ್ತಾಯಿತು. ಆದರೂ ಅವಳು ಎಲ್ಲರ ಮುಂದೆ ಕ್ಷಮೆ ಕೇಳಬೇಕಾಯಿತು. ಅದರ ನೋಟಿಸನ್ನು ಬೋರ್ಡಿಗೆ ಹಚ್ಚಿದರು. ಆ ವರ್ಷದ ಕಾಲೇಜು ಮ್ಯಾಗಜಿನ್ ನಮ್ಮ ಮನೆಯಲ್ಲಿದೆ. ಮೊದಲು ಅಧ್ಯಕ್ಷರ ಫೋಟೊ, ಆಮೇಲೆ ಕಾರ್ಯದರ್ಶಿಯ ಫೋಟೊ, ಆಮೇಲೆ ಪ್ರಿನ್ಸಿಪಾಲರದು. ನಗು ಬರುವಂಥದ್ದು ಅದರಲ್ಲಿ ಆ ಫೋಟೊಗಳೇ.

ಫಿನ್‌ಲ್ಯಾಂಡಿನಲ್ಲಿ ಹಾಗಲ್ಲವಂತೆ. ಹುಡುಗರೇ ಬರೆದು, ಹುಡುಗರೇ ಚಿತ್ರ ಹಾಕಿ, ಹುಡುಗರೇ ಬೀದಿಯಲ್ಲಿ ನಿಂತು ಮಾರುವ ಮ್ಯಾಗಜಿನ್. ಮೇಷ್ಟ್ರುಗಳು ಮುಟ್ಟುವ ಹಾಗಿಲ್ಲ. ಅವರಿಗೆ ಅದರಲ್ಲಿ ಇರುವ ಕೆಲಸವೆಂದರೆ ಬೈಸಿಕೊಳ್ಳುವುದು. ಹೆಸರು ನೌರಿಸ್. ಮೂಲಂಗಿ ಜಾತಿಯ ಒಂದು ಗಡ್ಡೆಯ ಹೆಸರಂತೆ. ಅವರ ಅಜ್ಜಂದಿರ ಕಾಲದಿಂದ ಬರುತ್ತಿದೆ, ಒಂದು ವರ್ಷವೂ ತಪ್ಪಿಲ್ಲ. ಮೇ ತಿಂಗಳ ಮೊದಲ ದಿನ ವಪ್ಪು ಎಂಬ ಹಬ್ಬ, ಅಂದು ಅದು ಹೊರಗೆ ಬರಬೇಕು. ಇನ್ನೊಂದು ಪದ್ಧತಿ ಏನೆಂದರೆ, ಅದು ಪುಸ್ತಕದ ಹಾಗೆ ಇರಬಾರದು. ಒಂದು ವರ್ಷ ಮೀನಿನ ಡಬ್ಬಿಯೊಳಗೆ ಇತ್ತಂತೆ. ಇನ್ನೊಂದು ವರ್ಷ ಕನ್ನಡಿ ಹಿಡಿದು ಓದಬೇಕಿತ್ತಂತೆ. ಈ ವರ್ಷ ಯಾವ ರೂಪ ಎನ್ನುವುದನ್ನು ಸುಮಾಳಿಗೆ ಬಿಟ್ಟಿದ್ದರು. ಅವಳು ಬಳ್ಳಾರಿಯವಳಲ್ಲವೇ, ಜೀನ್ಸಿನ ಹಿಂಜೇಬಿನಲ್ಲಿ ಇಟ್ಟು ಕೊಡೋಣ ಎಂದಳು.

ಫೋನಿನಲ್ಲಿ ಮುಖ ತೋರಿಸುತ್ತಾ ನನಗೆ ಇನ್ನೂ ಒಂದು ಹೇಳಿದಳು. ಮೊದಲ ಪ್ರತಿಯನ್ನು ಹಳೆಯ ಸಂಪಾದಕರಲ್ಲಿ ಎಲ್ಲರಿಗಿಂತ ಹಿರಿಯರಿಗೆ ಕೊಡಬೇಕು. ಅವರು ಓದಿ ತಮ್ಮ ಹತ್ತಿರ ಇಟ್ಟುಕೊಂಡರೆ, ಮಾಡಿದವರ ಹೆಸರನ್ನು ಮ್ಯಾಗಜಿನ್ ಕೋಣೆಯ ಗೋಡೆಗೆ ಬಣ್ಣದಲ್ಲಿ ಬರೆಯುತ್ತಾರೆ. ಮೇಜಿನ ಮೇಲೆ ವಾಪಸು ಇಟ್ಟರೆ ಆ ವರ್ಷದ ಜಾಗ ಖಾಲಿ ಉಳಿಯುತ್ತದೆ.

"ಅಜ್ಜಿ, ನನ್ನ ಹೆಸರು ಆ ಗ್ವಾಡಿ ಮ್ಯಾಲ ಬರಬೇಕು," ಎಂದಳು. "ಬಳ್ಳಾರಿಯೊಳಗ ನೋಟಿಸ್ ಬೋರ್ಡ್ ಮ್ಯಾಲ ಬಂದಿತ್ತಲ್ಲ, ಅದ ಒಂದ ಉಳಿಬಾರದು ನಂದು."

ಜೇಬು ತಾನೇ, ಕಳಿಸೋಣ ಎಂದೆ. ನಾನು ಮತ್ತು ಪಕ್ಕದ ಮನೆಯ ಹುಲಿಗೆಮ್ಮ ಮಷಿನ್ನಿಗೆ ಕುಳಿತೆವು. ಹುಲಿಗೆಮ್ಮನೂ ನನ್ನ ಹಾಗೆ ಜೇಬಿನಲ್ಲೇ ಮುದುಕಿಯಾದವಳು. ಯಾರಿಗೆ ಎಂದು ಕೇಳಿದಳು, ಹೇಳಿದೆ. ಅವಳು ದಾರ ಕಡಿಯುತ್ತಾ, "ಪ್ಯಾಂಟ್ ಬ್ಯಾಡಂತ, ಜೋಬು ಬೇಕಂತ. ಆ ಮಂದಿ ಏನು ಉಡತಾರವ್ವ ಮತ್ತ?" ಎಂದಳು. ನಾವಿಬ್ಬರೂ ನಗುತ್ತಾ ಎಷ್ಟೋ ಜೇಬಿಗೆ ಡಿಸೈನ್ ಸೊಟ್ಟ ಹಾಕಿದೆವು.

ಸಿರುಗುಪ್ಪ

ಅರ್ಧ ಜೇಬನ್ನು ಸಿರುಗುಪ್ಪದಲ್ಲಿ ಮಗಳು ಗಂಗಮ್ಮ ಮಾಡಿಸುತ್ತಿದ್ದಳು. ಪಾರ್ಸೆಲ್ ಕಳಿಸಿದರೆ ವಪ್ಪು ಮುಗಿದ ಮೇಲೆ ಮುಟ್ಟುತ್ತದೆ ಎಂದು ಅಂಗಡಿಯವರು ಹೇಳಿದರು. ಸುಮಾ ನಮ್ಮಿಬ್ಬರನ್ನೂ ಬೇಸಿಗೆಗೆ ಕರೆದಿದ್ದಳು. ವೀಸಾ ಆಗಿತ್ತು, ಟಿಕೆಟ್ ಮಾತ್ರ ಆಗಿರಲಿಲ್ಲ. ಹಾಗಾದರೆ ಜೇಬಿನ ಜತೆಗೇ ಯಾರಾದರೂ ಹೋಗಬೇಕು ಎಂದಾಯಿತು.

ಗಂಗಮ್ಮ ಹೋಗಲಾರಳು. ಅವಳು ಬಳ್ಳಾರಿ ಬಸ್ಸು ಹತ್ತಿದರೆ ತೆಕ್ಕಲಕೋಟೆ ಬರುವುದರೊಳಗೆ ವಾಂತಿ ಮಾಡುವವಳು. ಕಿಟಕಿ ತೆಗೆಯಲಾಗದ ಬಂಡಿಯಲ್ಲಿ ಅಷ್ಟು ದೂರ ಕುಳಿತರೆ ಏನು ಗತಿ ಎಂದು ಅವಳೇ ಕೇಳಿದಳು. ಅಳಿಯ ಭತ್ತದ ಗದ್ದೆ ಬಿಟ್ಟು ಬರಲಾರ. ಎಲ್ಲರೂ ನನ್ನ ಮುಖ ನೋಡಿದರು. ನಾನು ಅವರು ಕೇಳುವ ಮೊದಲೇ ಹೂಂ ಎಂದೆ. ಇಲ್ಲದಿದ್ದರೆ ಸಂಜೆತನಕ ಹೋಗು ಅಂದು ಬೇಡ ಅಂದು ಊಟ ತಡ ಮಾಡುತ್ತಿದ್ದರು.

ಗಂಗಮ್ಮ ಶೇಂಗಾ ಚಟ್ನಿಪುಡಿ ಕಟ್ಟಿದಳು, ಸಜ್ಜೆ ರೊಟ್ಟಿ ಕಟ್ಟಿದಳು, ಉಪ್ಪಿನಕಾಯಿ ಬಾಟಲಿ ಇಟ್ಟಳು. ಆಮೇಲೆ ಜೇಬು ಹಿಡಿಸಲಿಲ್ಲ. ಬಾಟಲಿ ಹೊರಗೆ ಬಂತು, ನನ್ನ ಎರಡು ಸೀರೆ ಹೊರಗೆ ಬಂದವು. ಜೇಬು ಒಳಗೇ ಇದ್ದವು. ಅಳಿಯ ಚೀಲದ ಮೇಲೆ ಕುಳಿತು ಜಿಪ್ ಎಳೆದ.

ಬಳ್ಳಾರಿ

ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಉಣ್ಣೆಯ ಟೋಪಿ ಕೇಳಿದವಳು ನಾನೊಬ್ಬಳೇ ಇರಬೇಕು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ತೆಲುಗಿನಲ್ಲಿ, "ಏಮಮ್ಮಾ, ಚಲಿಜ್ವರಮಾ?" ಎಂದ. ಫಿನ್‌ಲ್ಯಾಂಡಿಗೆ ಹೊರಟಿದ್ದೇನೆ ಎಂದೆ. ಅದು ಯಾವ ತಾಲ್ಲೂಕು ಎಂದು ಕೇಳಿದ. ಅಟ್ಟ ಹತ್ತಿ ಒಂದು ಗಂಟು ಕೆಳಗೆ ಬೀಳಿಸಿದ. ಅದರ ಧೂಳಿಗೆ ಅಂಗಡಿಯಲ್ಲಿದ್ದವರೆಲ್ಲ ಸೀನಿದರು. ಸ್ವೆಟರ್ ಹಾಕಿ ನೋಡಿ, ಅಳತೆ ಸರಿ ಇರಬೇಕು ಎಂದು ಹಟ ಹಿಡಿದ. ಹಾಕಿದೆ. ಟೋಪಿಯನ್ನೂ ಹಾಕಿದೆ. ಬೆವರು ಕಾಲಿನವರೆಗೆ ಇಳಿಯಿತು. ಹೊರಗೆ ಸೋಡಾ ಗಾಡಿಯವನು ನನ್ನನ್ನು ನೋಡಿ ತಾನೇ ಕರೆದು ಒಂದು ಸೋಡಾ ಕೊಟ್ಟ.

ಯೂನಿಟ್ಟಿನ ಹಳೆಯ ಗೆಳತಿಯರು ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಚೀಲದ ಜಿಪ್ ಸ್ವಲ್ಪ ಸರಿಸಿ ಜೇಬು ನೋಡಿ, ಹೊಲಿಗೆ ಚೆನ್ನಾಗಿದೆ ಎಂದು ತಲೆಯಾಡಿಸಿದರು. ಜೇಬಿನಲ್ಲಿ ಏನೋ ಕೊರತೆ ಇದೆ ಎಂದು ಅಷ್ಟು ಮಂದಿಯಲ್ಲಿ ಒಬ್ಬರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಅದು ಮುಂದೆ ಬರುತ್ತದೆ.

ಆಕಾಶ

ಸುಮಾ ನನಗೆ ಗಾಲಿಕುರ್ಚಿ ಬರೆಸಿದ್ದಳು. ಕಾಲು ಗಟ್ಟಿ ಇದ್ದವರಿಗೂ ಅದನ್ನು ಕೊಡುತ್ತಾರೆ, ದಾರಿ ತಪ್ಪಬಾರದೆಂದು. ಬೆಂಗಳೂರಿನಲ್ಲಿ ಒಬ್ಬ, ದಿಲ್ಲಿಯಲ್ಲಿ ಒಬ್ಬ ನನ್ನನ್ನು ತಳ್ಳಿಕೊಂಡು ಹೋದರು. ಎಲ್ಲ ಕ್ಯೂಗಳೂ ನನಗೆ ದಾರಿ ಬಿಟ್ಟವು. ದಿಲ್ಲಿಯಲ್ಲಿ ನಾನು ನೀರು ಕುಡಿಯಲು ಎದ್ದು ನಡೆದು ಹೋಗಿ ಮತ್ತೆ ಬಂದು ಕುಳಿತೆ. ಪಕ್ಕದ ಕುರ್ಚಿಯ ಮುದುಕ ಬೆರಗಾಗಿ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ಅವನೂ ಎದ್ದು ಹೋಗಿ ಚಹಾ ಕುಡಿದು ಬಂದ.

ವಿಮಾನದಲ್ಲಿ ಹೇಳುವಂಥದ್ದೇನಿಲ್ಲ. ಬಸ್ಸಿನ ಹಾಗೆಯೇ, ಕಂಡಕ್ಟರ್ ಮಾತ್ರ ನಗುತ್ತಾನೆ.

ಅಲ್ಲಿ ಇಳಿದ ಮೇಲೆ ಕಸ್ಟಮ್ಸಿನವನು ಚೀಲ ತೆಗೆಸಿದ. ಬೆಳ್ಳಗೆ, ಎತ್ತರಕ್ಕೆ, ಸುಣ್ಣ ಹೊಡೆದ ಕಂಬದ ಹಾಗಿದ್ದ. ಒಂದು ಜೇಬು ಎತ್ತಿಕೊಂಡ. ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ. ಇನ್ನೊಂದು ಎತ್ತಿದ. ಎರಡನೇ ಚೀಲದಲ್ಲಿ ಪ್ಯಾಂಟು ಇರಬಹುದು ಎಂದುಕೊಂಡನೋ ಏನೋ, ಅದನ್ನೂ ತೆಗೆಸಿದ. ಅದರಲ್ಲಿಯೂ ಜೇಬು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ ನಾನು ನನ್ನ ಹಿಂಭಾಗ ತಟ್ಟಿ, ಇಲ್ಲಿಯದು ಎಂದು ತೋರಿಸಿದೆ. ಅವನ ಕಿವಿ ಕೆಂಪಾಯಿತು. ಚೀಲ ಮುಚ್ಚಿ ಕೈಸನ್ನೆ ಮಾಡಿ ಕಳಿಸಿಬಿಟ್ಟ. ಪಾಪ, ಜೇಬು ಕಾಣದ ದೇಶ ಎಂದುಕೊಂಡೆ. ಅವನು ಏನು ಹುಡುಕುತ್ತಿದ್ದ ಎಂದು ಆಮೇಲೆ ತಿಳಿಯಿತು.

ಸುಮಾಳ ಊರು

ಸುಮಾ ಹೊರಗೆ ನಿಂತಿದ್ದಳು. ಮೈಮೇಲೆ ಕತ್ತಿನಿಂದ ಕಾಲಿನತನಕ ಒಂದೇ ಹಸಿರು ಉಡುಪು, ಗ್ಯಾರೇಜಿನವರು ಹಾಕುವಂಥದ್ದು. ಅದರ ತುಂಬ ಚಿತ್ರದ ಬಟ್ಟೆಬಿಲ್ಲೆಗಳು. ಇಲ್ಲಿಯ ವಿದ್ಯಾರ್ಥಿಗಳೆಲ್ಲ ಹಬ್ಬದ ದಿನಗಳಲ್ಲಿ ಅದನ್ನೇ ಹಾಕುತ್ತಾರಂತೆ. ಬಿಲ್ಲೆಗಳನ್ನು ತಮ್ಮ ಕೈಯಿಂದಲೇ ಹೊಲಿದುಕೊಳ್ಳಬೇಕು, ಯಾರಿಂದಲೂ ಹೊಲಿಸಬಾರದು. ಉಡುಪನ್ನು ಒಗೆಯಲೂ ಬಾರದು. ಒಗೆಯುವುದಿಲ್ಲ ಎಂದು ಅವಳು ಹೇಳುವ ಅಗತ್ಯವಿರಲಿಲ್ಲ. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ದೊಡ್ಡ ಕೆರೆ, ಕೆರೆಯ ಸುತ್ತ ಗಿಡ, ಗಿಡದ ಕೆಳಗೆ ಅಷ್ಟಷ್ಟು ಹಿಮ. ಜನ ಅಲ್ಲಲ್ಲಿ. ಅವರು ಯಾರೂ ಒಬ್ಬರ ಹತ್ತಿರ ಒಬ್ಬರು ಬರುವುದಿಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬ ಗಂಡಸು ನಿಂತಿದ್ದ. ನಾನು ಹೋಗಿ ಅವನ ಪಕ್ಕ ನಿಂತೆ. ಅವನು ಎರಡು ಹೆಜ್ಜೆ ಸರಿದ. ಜಾಗ ಕೊಟ್ಟ ಎಂದುಕೊಂಡು ನಾನೂ ಎರಡು ಹೆಜ್ಜೆ ಸರಿದೆ. ಹೀಗೆ ನಾವಿಬ್ಬರೂ ಸ್ಟಾಪು ಬಿಟ್ಟು ರಸ್ತೆಯ ತಿರುವಿನತನಕ ಹೋದೆವು. ಬಸ್ಸು ಬಂದು ಇಬ್ಬರನ್ನೂ ಬಿಟ್ಟು ಹೋಯಿತು. ಸುಮಾ ಹಿಂದಿನಿಂದ ಓಡಿ ಬಂದು ಆ ಮನುಷ್ಯನಿಗೆ ಏನೋ ಹೇಳಿದಳು. ಅವನು ನೆಲ ನೋಡುತ್ತಾ ತಲೆಯಾಡಿಸಿದ.

"ಅಜ್ಜಿ, ಇಲ್ಲಿ ಹಂಗ ಮೈಗೆ ಮೈ ಹಚ್ಚಿ ನಿಂದರಬಾರದು," ಎಂದಳು ನನಗೆ.

"ಮೈ ಎಲ್ಲಿ ಹಚ್ಚೀನಿ? ನಡುವ ಒಂದು ಎಮ್ಮಿ ಹೋಗಬಹುದಿತ್ತು."

"ಇವರಿಗಿ ಎರಡು ಎಮ್ಮಿ ಬೇಕು."

ಮ್ಯಾಗಜಿನ್ ಕೋಣೆ

ಮರುದಿನ ಚೀಲಗಳ ಜತೆ ಮ್ಯಾಗಜಿನ್ ಕೋಣೆಗೆ ಹೋದೆವು. ನೆಲಮಾಳಿಗೆಯ ಕೋಣೆ. ಸೋಫಾದ ಒಂದು ಕಾಲು ಮುರಿದು ಅದರ ಕೆಳಗೆ ಹಳೆಯ ಸಂಚಿಕೆಗಳನ್ನು ಇಟ್ಟಿದ್ದರು. ಗೋಡೆಯ ತುಂಬ ಹೆಸರುಗಳು, ಸಾಲು ಸಾಲಾಗಿ. ನಡುನಡುವೆ ಖಾಲಿ ಜಾಗ, ಕಿತ್ತುಹೋದ ಹಲ್ಲಿನ ಹಾಗೆ. ಕೊನೆಯ ಎರಡು ವರ್ಷದ ಜಾಗ ಎರಡೂ ಖಾಲಿ. ಹಳೆಯ ಸಂಪಾದಕರಲ್ಲಿ ಈಗ ಎಲ್ಲರಿಗಿಂತ ಹಿರಿಯಳು ಐಲಾ ಎಂಬ ಮುದುಕಿ, ನನ್ನ ವಯಸ್ಸಿನವಳೇ. ಎರಡು ವರ್ಷವೂ ಪೂರ್ತಿ ಓದಿ, ಮೇಜಿನ ಮೇಲೆ ಇಟ್ಟು ಎದ್ದು ಹೋಗಿದ್ದಳಂತೆ.

ಈಗಿನ ಸಂಪಾದಕ ಯೂಸ್ಸಿ ಎಂಬ ಉದ್ದನೆಯ ಹುಡುಗ. ಅವನು ಮಾತಾಡಿದರೆ ಗುಟ್ಟು ಹೇಳಿದ ಹಾಗಿರುತ್ತದೆ. ನನ್ನ ಕೈ ಕುಲುಕಿ, ಕೂಡಲೇ ಎರಡು ಎಮ್ಮೆ ದೂರ ನಿಂತ. ಕೋಣೆಯಲ್ಲಿ ಇನ್ನೂ ಕೆಲವರಿದ್ದರು, ಎಲ್ಲರೂ ಅದೇ ಒಗೆಯದ ಉಡುಪಿನಲ್ಲಿ. ಮೇಜಿನ ಮೇಲೆ ಅಚ್ಚಾದ ಮ್ಯಾಗಜಿನ್ನುಗಳು ರಾಶಿ ಬಿದ್ದಿದ್ದವು, ಅಂಗೈಗಿಂತ ಸ್ವಲ್ಪ ದೊಡ್ಡವು. ಸುಮಾ ಒಂದು ಚಿತ್ರ ತೋರಿಸಿದಳು. ಖಾಲಿ ಬಯಲು, ಈ ತುದಿಯಲ್ಲಿ ಒಬ್ಬ ಮನುಷ್ಯ, ಆ ತುದಿಯಲ್ಲಿ ಒಬ್ಬ. ಕೆಳಗೆ ಬರೆದದ್ದು: ನೂಕುನುಗ್ಗಲು. ಬಸ್ ಸ್ಟಾಪಿನವನು ನೆನಪಾಗಿ ನಾನು ಜೋರಾಗಿ ನಕ್ಕೆ. ಎಲ್ಲರೂ ಹೆದರಿ ತಿರುಗಿದರು. ಇವರು ನಗೆ ಪುಸ್ತಕ ಮಾಡುತ್ತಾರೆ, ನಗುವ ಸದ್ದು ಮಾತ್ರ ಅಭ್ಯಾಸವಿಲ್ಲ.

ಸುಮಾ ಚೀಲ ತೆಗೆದಳು. ಒಂದು ಜೇಬು ಎತ್ತಿ ಎಲ್ಲರಿಗೂ ತೋರಿಸಿ, ಅದರೊಳಗೆ ಮ್ಯಾಗಜಿನ್ ಇಳಿಸಿದಳು. ಮ್ಯಾಗಜಿನ್ ನೆಲಕ್ಕೆ ಬಿತ್ತು. ನಕ್ಕಳು. ಇನ್ನೊಂದು ಜೇಬು ತೆಗೆದಳು, ಇಳಿಸಿದಳು. ಅದೂ ಬಿತ್ತು. ಮೂರನೆಯ ಸಲ ನಗಲಿಲ್ಲ.

"ಅಜ್ಜಿ, ಇದಕ್ಕ ಹಿಂದಿನ ಬಟ್ಟಿ ಎಲ್ಲಿ?"

"ಹಿಂದ ಪ್ಯಾಂಟ್ ಇರತೈತಲ್ಲ."

"ಪ್ಯಾಂಟ್ ಎಲ್ಲೈತಿ?"

"ನನ್ನ ಕೇಳ್ತಿಯೇನಲೇ? ನೀ ಜೋಬು ಕೇಳಿದಿ, ಜೋಬು ತಂದೀನಿ. ಪ್ಯಾಂಟ್ ಕೇಳಿದ್ದರ ಪ್ಯಾಂಟ್ ತರತಿದ್ದೆ."

ಸುಮಾ ಬೇಕೆಂದದ್ದು ಹಿಂದೆ ಮುಂದೆ ಬಟ್ಟೆ ಇರುವ ಪುಟ್ಟ ಚೀಲ. ನಾವು ಮಾಡಿದ್ದು ಪ್ಯಾಂಟಿನ ಹಿಂಜೇಬು. ಪ್ಯಾಂಟಿಗೆ ಕೂಡಿಸುವತನಕ ಅದು ಮಡಚಿದ ಒಂದು ತುಂಡು, ಅಷ್ಟೇ. ಜೇಬು ಮಾಡುವ ಯಾರನ್ನೇ ಕೇಳಿ, ಇದನ್ನೇ ಜೇಬು ಎನ್ನುತ್ತಾರೆ. ಕುರುಗೋಡಿನಲ್ಲಿ ಇಬ್ಬರು, ಸಿರುಗುಪ್ಪದಲ್ಲಿ ಒಂದು ಓಣಿ, ಬಳ್ಳಾರಿಯ ಬಸ್ ಸ್ಟ್ಯಾಂಡಿಗೆ ಬಂದವರು, ಯಾರಿಗೂ ಅದಕ್ಕೆ ಬೆನ್ನಿಲ್ಲ ಎಂದು ಹೊಳೆಯಲಿಲ್ಲ. ಇಷ್ಟು ದೂರ ಬಂದ ಮೇಲೆ ಹೊಳೆದದ್ದು ಒಬ್ಬ ಕಸ್ಟಮ್ಸಿನವನಿಗೆ.

ವಪ್ಪು ಮರುದಿನವೇ ಇತ್ತು. ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಸುಮಾ ಮೇಜಿನ ಕೆಳಗೆ ಹೋಗಿ ಕುಳಿತಳು. ಚಿಕ್ಕಂದಿನಲ್ಲಿಯೂ ಲೆಕ್ಕ ತಪ್ಪಿದರೆ ಮಂಚದ ಕೆಳಗೆ ಹೋಗುತ್ತಿದ್ದವಳು. ಅಲ್ಲಿಂದಲೇ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ತಪ್ಪು ತನ್ನದು, ಮುಖಪುಟದಲ್ಲಿ ಕ್ಷಮೆ ಕೇಳಿ ಚೀಟಿ ಹಚ್ಚುತ್ತೇನೆ ಎಂದಳಂತೆ. ನನ್ನ ಮೇಲೆ ಹಾಕಲಿಲ್ಲ ಅನ್ನುವುದು ಸರಿ. ಆದರೆ ಮತ್ತೆ ಕ್ಷಮೆಯ ಚೀಟಿಯೇ ಎಂದು ನನಗೆ ಸಿಟ್ಟು ಬಂತು.

ಯೂಸ್ಸಿ ಬಗ್ಗಿ ಮೇಜಿನ ಕೆಳಗೆ ನೋಡುತ್ತಾ ಗುಟ್ಟಿನ ದನಿಯಲ್ಲಿ ಬಹಳ ಹೊತ್ತು ಮಾತಾಡಿದ. ನೌರಿಸ್ ಯಾವತ್ತೂ ಕ್ಷಮೆ ಕೇಳಿಲ್ಲ, ಅದು ಪದ್ಧತಿಯಲ್ಲಿಲ್ಲ ಎಂದನಂತೆ. ತಪ್ಪಾದರೆ ಬೇಕೆಂದೇ ಮಾಡಿದ ಹಾಗೆ ನಡೆದುಕೊಳ್ಳುವುದು ಪದ್ಧತಿ. ಒಂದು ವರ್ಷ ಅಚ್ಚಿನವನು ಪುಟಗಳನ್ನೆಲ್ಲ ತಲೆಕೆಳಗಾಗಿ ಹಾಕಿದ್ದ. ಆ ವರ್ಷದವರು ಕೈಮೇಲೆ ನಿಂತು, ಕಾಲು ಮೇಲೆ ಮಾಡಿ ಮಾರಿದರು. ಅವರ ಹೆಸರು ಗೋಡೆಯ ಮೇಲಿದೆ.

ಆಮೇಲೆ ಅವನು ಒಂದು ಜೇಬು ಎತ್ತಿಕೊಂಡ. ತನ್ನ ಉಡುಪಿನ ಹಿಂಭಾಗಕ್ಕೆ ಅದನ್ನು ಒತ್ತಿ ಹಿಡಿದು, ಅದರೊಳಗೆ ಮ್ಯಾಗಜಿನ್ ಸಿಕ್ಕಿಸಿಕೊಂಡು, ಕೋಣೆಯ ಸುತ್ತ ಒಂದು ಸುತ್ತು ನಡೆದ. ಮುಖದಲ್ಲಿ ಏನೂ ಇಲ್ಲ. ಒಬ್ಬ ಹುಡುಗಿ ಮೂಗಿನಿಂದ ಸದ್ದು ಮಾಡಿದಳು. ಇನ್ನೊಬ್ಬ ಬಾಯಿ ಮುಚ್ಚಿಕೊಂಡ. ಸುಮಾ ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿದಳು.

"ಏನಂತಾನ?" ಎಂದೆ.

"ತಗೊಳ್ಳೋ ಮಂದಿ ಹತ್ರ ಪ್ಯಾಂಟ್ ಅದಾವಲ್ಲ ಅಂತಾನ ಅಜ್ಜಿ."

ವಪ್ಪು

ವಪ್ಪು ಎಂದರೆ ನಮ್ಮ ಯುಗಾದಿ ಮತ್ತು ಹೋಳಿ ಎರಡೂ ಒಂದೇ ದಿನ ಬಂದ ಹಾಗೆ. ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದ ಊರಿಗೆ ಊರೇ ಕೆರೆಯ ಪಕ್ಕದ ಪಾರ್ಕಿಗೆ ಬಂದು ಚಾಪೆ ಹಾಸಿ ಕುಳಿತಿತ್ತು. ಮುದುಕರೂ ಹುಡುಗರೂ ಕಾಲೇಜಿನ ಬಿಳಿ ಟೋಪಿ ಹಾಕಿದ್ದರು. ಹಳೆಯದಾದಷ್ಟೂ ಟೋಪಿ ಹಳದಿ ಆಗುತ್ತದಂತೆ. ಅದನ್ನೂ ಒಗೆಯುವುದಿಲ್ಲ, ಕೇಳಬೇಡಿ. ತಿನ್ನಲು ಒಂದು ಕರಿದ ತಿಂಡಿ ಕೊಟ್ಟರು. ನೋಡಲು ಜಿಲೇಬಿ, ಪಾಕದಲ್ಲಿ ಅದ್ದಲು ಮರೆತದ್ದು. ಮೇಲೆ ಸಕ್ಕರೆ ಪುಡಿ ಉದುರಿಸಿ ಮರೆವನ್ನು ಮುಚ್ಚಿದ್ದರು. ನಾನು ನಾಲ್ಕು ತಿಂದೆ.

ಹುಡುಗರು ಯಾರ್ಯಾರದೋ ಮನೆಯಿಂದ ಹೊಲಿಗೆ ಮಷಿನ್ ತಂದು, ವೈರು ಎಳೆದು, ಗಿಡದ ಕೆಳಗೆ ಸಾಲಾಗಿ ಇಟ್ಟರು. ಮಷಿನ್ ಸಿಗದವರು ಸೂಜಿ ಹಿಡಿದು ಕುಳಿತರು. ಬಿಲ್ಲೆ ಹೊಲಿದು ರೂಢಿಯಿದ್ದ ಕೈಗಳು. ಹೊಲಿಗೆ ಮಾತ್ರ ಕುಂಟುತ್ತಿತ್ತು. ನನ್ನ ಮೇಲಿನ ಸ್ವೆಟರು, ಟೋಪಿ, ಕೆಳಗಿನ ಸೀರೆ, ಸೀರೆಯೊಳಗೆ ಸುಮಾಳ ಪೈಜಾಮ, ಇಷ್ಟನ್ನು ಹೊತ್ತು ನಾನು ಮೊದಲ ಮಷಿನ್ನಿಗೆ ಕುಳಿತೆ. ಪಕ್ಕದಲ್ಲಿ ಒಂದು ಕುರ್ಚಿ, ಸರದಿ ಬಂದವರು ಕೂರಲು. ಯೂಸ್ಸಿ ಹಲಗೆಯ ಮೇಲೆ ಬರೆದು ನಿಲ್ಲಿಸಿದ: ಈ ವರ್ಷದ ಮ್ಯಾಗಜಿನ್ ಜೇಬಿನಲ್ಲಿದೆ, ಪ್ಯಾಂಟು ನೀವು ತನ್ನಿ.

ಮೊದಲು ಯಾರೂ ಬರಲಿಲ್ಲ. ದೂರ ನಿಂತು ಓದಿದರು. ಆಮೇಲೆ ದಪ್ಪನೆಯ ಒಬ್ಬ ಗಂಡಸು ಬಂದ. ಮ್ಯಾಗಜಿನ್ ತೆಗೆದುಕೊಂಡ. ಹಲಗೆಯನ್ನು ಇನ್ನೊಮ್ಮೆ ಓದಿದ. ಕೋಟು ಬಿಚ್ಚಿ ಕೊಡುತ್ತಾನೆ ಎಂದುಕೊಂಡೆ. ಅವನು ಬೆಲ್ಟು ಬಿಚ್ಚಿ ಪ್ಯಾಂಟು ಕಳಚಿ, ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ. ಒಳಗೆ ಪಾದದವರೆಗೂ ಬಿಗಿಯಾದ ಉಣ್ಣೆಯ ಚಡ್ಡಿ. ಅದರಲ್ಲೇ ಕುರ್ಚಿಯ ಮೇಲೆ ಕುಳಿತು, ಕಾಲ ಮೇಲೆ ಕಾಲು ಹಾಕಿ ಓದತೊಡಗಿದ. ಬೆತ್ತಲೆ ಕುಳಿತು ಊರವರ ಜತೆ ಬೆವರಿನ ಸ್ನಾನ ಮಾಡುವ ಮಂದಿ ಇವರು. ಹತ್ತಿರ ನಿಂತರೆ ನಾಚಿಕೆ, ಪ್ಯಾಂಟು ಬಿಚ್ಚಲು ಇಲ್ಲ.

ಆಮೇಲೆ ಕ್ಯೂ ಕಟ್ಟಿತು. ಒಬ್ಬರಿಗೊಬ್ಬರ ನಡುವೆ ಎರಡೆಮ್ಮೆ ಜಾಗ ಬಿಡುವ ಕ್ಯೂ ಆದ್ದರಿಂದ ಅದು ಪಾರ್ಕು ದಾಟಿ ರಸ್ತೆಗೆ ಹೋಯಿತು. ಉಣ್ಣೆ ಚಡ್ಡಿಯ ಗಂಡಸರು ಗಿಡಗಿಡದ ಕೆಳಗೆ ನಿಂತು ಮ್ಯಾಗಜಿನ್ ಓದುತ್ತಿದ್ದರು. ನಾನು ಹಿಂದೆ ಹೊಲಿದೆ, ಮುಂದೆ ಹೊಲಿದೆ, ಮೊಣಕಾಲ ಮೇಲೆ ಹೊಲಿದೆ, ಒಂದು ನಾಯಿಯ ಕೋಟಿಗೆ ಹೊಲಿದೆ. ಒಬ್ಬ ಪೊಲೀಸಿನವನು ವಿಚಾರಿಸಲು ಬಂದವನು ಜಾಕೆಟ್ಟಿಗೆ ಹೊಲಿಸಿಕೊಂಡು ಹೋದ. ಸುಮಾ ಬೆಂಚಿನ ಮೇಲೆ ಹತ್ತಿ ನಿಂತು, ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಹಾಗೆ ಕೂಗಿ ಮಾರುತ್ತಿದ್ದಳು. ಅಲ್ಲಿಯವರಿಗೆ ಕೂಗು ಹೊಸದು, ಕಿವಿ ಮುಚ್ಚಿಕೊಂಡೇ ಹತ್ತಿರ ಬಂದು ಕೊಂಡರು.

ಬಿಸಿಲು ಏರಿದಾಗ ಐಲಾ ಬಂದಳು. ಯಾರೂ ಹೇಳದಿದ್ದರೂ ಅವಳೇ ಎಂದು ಗೊತ್ತಾಯಿತು, ಹುಡುಗರೆಲ್ಲ ಕೈಕೆಲಸ ಬಿಟ್ಟು ನೆಟ್ಟಗೆ ನಿಂತರು. ಸಣ್ಣ ಮುದುಕಿ, ಉದ್ದನೆಯ ಕರಿ ಕೋಟು, ಅರಿಶಿನ ಬಳಿದಂಥ ಟೋಪಿ. ಯೂಸ್ಸಿ ಅವಳಿಗೆಂದೇ ತೆಗೆದಿಟ್ಟಿದ್ದ ಮೊದಲ ಪ್ರತಿಯನ್ನು ಎರಡೂ ಕೈಯಿಂದ ಕೊಟ್ಟ. ಅವಳು ಜೇಬು, ಮಷಿನ್, ಚಡ್ಡಿಯ ಗಂಡಸರು ಎಲ್ಲವನ್ನೂ ಒಮ್ಮೆ ನೋಡಿ, ಮ್ಯಾಗಜಿನ್ ರಾಶಿ ಹಾಕಿದ್ದ ಮೇಜಿನ ಪಕ್ಕದ ಬೆಂಚಿನಲ್ಲಿ ಕುಳಿತು ಓದತೊಡಗಿದಳು.

ಹಾಗೆ ಓದುವವರನ್ನು ನಾನು ಕಂಡಿಲ್ಲ. ಹುಬ್ಬು ಏಳಲಿಲ್ಲ, ತುಟಿ ಅಲುಗಲಿಲ್ಲ. ಬ್ಯಾಂಕಿನವರು ನೋಟು ನೋಡುವ ಹಾಗೆ ಪುಟ ತಿರುಗಿಸಿದಳು. ಒಂದು ಪುಟದಲ್ಲಿ ನಿಂತಳು. ಸುಮಾ ನನ್ನ ಕಿವಿಯಲ್ಲಿ, ಅದು ತಾನು ಬರೆದದ್ದು ಎಂದಳು. ಸಿರುಗುಪ್ಪ ಬಸ್ಸಿನಲ್ಲಿ ಸೀಟು ಹಿಡಿಯುವ ವಿಧಾನವಂತೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲನ್ನೋ ಟೋಪಿಯನ್ನೋ ಸೀಟಿನ ಮೇಲೆ ಎಸೆಯಬೇಕು. ಎಸೆದರೆ ಸೀಟು ನಿಮ್ಮದು. ಕ್ಯೂನಲ್ಲಿ ನಿಂತವರು ನಿಂತೇ ಇರಲಿ.

"ಇದರಾಗ ನಗೋದೇನೈತಿ? ಇರೋದನ್ನ ಬರದಿ," ಎಂದೆ.

"ಇಲ್ಲಿ ಮಂದಿಗಿ ಅದು ಕಳ್ಳತನ ಇದ್ದಂಗ ಅಜ್ಜಿ," ಎಂದಳು. ಅವಳ ಕೈ ನನ್ನ ಭುಜದ ಮೇಲಿತ್ತು.

ಐಲಾ ಆ ಪುಟವನ್ನು ಎರಡು ಸಲ ಓದಿದಳು. ಮುಂದಿನದನ್ನೂ ಓದಿ ಮುಗಿಸಿದಳು. ಎದ್ದಳು. ಮ್ಯಾಗಜಿನ್ ಮುಚ್ಚಿ ಮೇಜಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಸುಮಾ ಕಣ್ಣು ಮುಚ್ಚಿದಳು. ಮೇಜಿನ ಮೇಲೆ ಇಟ್ಟಿದ್ದರೆ ನಾನು ಆ ಮುದುಕಿಗೆ ಕುರುಗೋಡಿನ ಭಾಷೆಯಲ್ಲಿ ನಾಲ್ಕು ಮಾತು ಹೇಳುವವಳೇ ಇದ್ದೆ, ಸಿದ್ಧವಾಗಿದ್ದವು.

ಅವಳು ಮೇಜಿನ ಹತ್ತಿರ ನಿಲ್ಲಲಿಲ್ಲ. ಕ್ಯೂನ ಉದ್ದಕ್ಕೂ ಕಣ್ಣಾಡಿಸಿದಳು. ನನ್ನ ಪಕ್ಕದ ಕುರ್ಚಿ ಆಗಷ್ಟೇ ಖಾಲಿಯಾಗಿತ್ತು. ಕನ್ನಡಕದ ಒಬ್ಬ ಹುಡುಗ ಅದರ ಕಡೆಗೆ ಬರುತ್ತಿದ್ದ. ಐಲಾ ತಲೆಯ ಮೇಲಿನ ಹಳದಿ ಟೋಪಿ ತೆಗೆದಳು. ತೆಗೆದು, ಹಿಂದಕ್ಕೆ ಕೈ ಬೀಸಿ, ಅಷ್ಟು ದೂರದಿಂದ ಎಸೆದಳು. ಟೋಪಿ ಗಿರಗಿರ ತಿರುಗುತ್ತಾ ಬಂದು ಕುರ್ಚಿಯ ಮೇಲೆ ಕುಳಿತಿತು.

ಕನ್ನಡಕದ ಹುಡುಗ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಅವಳು ನಿಧಾನವಾಗಿ ಎಲ್ಲರನ್ನೂ ದಾಟಿ ಬಂದು, ಟೋಪಿ ಎತ್ತಿ ತಲೆಗೆ ಇಟ್ಟುಕೊಂಡು, ಕುರ್ಚಿಯಲ್ಲಿ ಕುಳಿತಳು. ಆಮೇಲೆ ನಗು ಎದ್ದಿತು. ಅದು ಉಣ್ಣೆ ಚಡ್ಡಿಗಳ ನಡುವಿನಿಂದ ಶುರುವಾಗಿ ರಸ್ತೆಯತನಕ ಹೋಯಿತು. ನಗೆಯ ಸದ್ದು ಆ ಊರಿಗೂ ಬರುತ್ತದೆ ಎಂದು ನನಗೆ ಆಗ ಗೊತ್ತಾದದ್ದು. ನಗದೇ ಇದ್ದವಳು ಐಲಾ ಒಬ್ಬಳೇ. ಕೋಟು ಬಿಚ್ಚಿ ನನ್ನ ಮಷಿನ್ನಿನ ಮೇಲೆ ಹಾಕಿದಳು. ಜೇಬು ಎಲ್ಲಿಗೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಬೆನ್ನಿನ ನಡುಮಧ್ಯ, ತನ್ನ ಕೈಗೇ ಎಟುಕದ ಜಾಗದಲ್ಲಿ ಬೆರಳಿಟ್ಟಳು. ಅಲ್ಲಿ ಯಾಕೆ ಎಂದು ಸುಮಾಳ ಬಾಯಲ್ಲಿ ಕೇಳಿಸಿದೆ.

ಐಲಾ ಹೇಳಿದ್ದನ್ನು ಸುಮಾ ಹೇಳಿದಳು. ಹೇಳುವಾಗ ಅವಳಿಗೆ ಅಳುವೋ ನಗುವೋ ತಿಳಿಯದ ಹಾಗೆ ಆಗಿತ್ತು.

"ಬಸ್ ಸ್ಟಾಪಿನ್ಯಾಗ ಹಿಂದ ನಿಂತೋರು ಇದನ್ನ ಓದಬೇಕಂದ್ರ ಹತ್ತರ ಬರಬೇಕಾಗತೈತಲ್ಲ ಅಂತಾರ ಅಜ್ಜಿ."

ಬುದ್ಧಿ ಇದ್ದ ಹೆಂಗಸು. ನಾನು ಮೂರು ಅಂಚಿಗೂ ಎರಡೆರಡು ಸಾಲು ಹೊಲಿಗೆ ಹಾಕಿ, ಮೂಲೆಗಳಲ್ಲಿ ಮತ್ತೆ ಬಿಗಿ ಮಾಡಿ, ದಾರವನ್ನು ಹಲ್ಲಿನಿಂದ ಕಡಿದೆ. ಅವಳ ಮೊದಲ ಪ್ರತಿಯನ್ನು ಒಳಗೆ ಇಳಿಸಿದೆ, ಬೀಳಲಿಲ್ಲ. ಯೂಸ್ಸಿ ಆಗಲೇ ಗೋಡೆಗೆ ಬಣ್ಣದ ಡಬ್ಬಿ ತರಲು, ಹೊಲಿಗೆಗೆ ಕೊಟ್ಟಿದ್ದ ಉಡುಪು ಬಿಟ್ಟು, ಉಣ್ಣೆ ಚಡ್ಡಿಯಲ್ಲೇ ಓಡುತ್ತಿದ್ದ.